ಢಾಕಾದಲ್ಲಿ ಸೋತ ಮ್ಯಾಚನ್ನು ಇನ್ನೊಂದು ಸಲ ನೋಡುವುದು ಹೇಗೆ

2025ರ ನವೆಂಬರ್ 18, ಢಾಕಾ. ಫುಟ್‌ಬಾಲ್‌ನಲ್ಲಿ ಬಾಂಗ್ಲಾದೇಶ 1, ಭಾರತ 0. ಶೇಖ್ ಮೊರ್ಸಲಿನ್ 11ನೇ ನಿಮಿಷದಲ್ಲಿ ಹೊಡೆದ ಒಂದೇ ಗೋಲು. 2003ರಲ್ಲಿ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಟೂರ್ನಿಯ ಸೆಮಿಫೈನಲ್‌ನಲ್ಲಿ ಗೆದ್ದ ಮೇಲೆ ಅವರಿಗೆ ನಮ್ಮ ಮೇಲೆ ಗೆಲುವೇ ಸಿಕ್ಕಿರಲಿಲ್ಲ. ಇಪ್ಪತ್ತೆರಡು ವರ್ಷಕ್ಕೆ ಸಿಕ್ಕಿತು, ಅದೂ ಅವರ ಜನರ ಎದುರಿಗೇ.

ನಾನು ವಾರವೆಲ್ಲ ಕೋಲಾರದ ಟೊಮೆಟೊ ಮಂಡಿಯಲ್ಲಿ ಬಾಕ್ಸ್ ಲೆಕ್ಕ ಬರೆಯುತ್ತೇನೆ, ಭಾನುವಾರ ಕೆಜಿಎಫ್‌ನಲ್ಲಿ ನಮ್ಮ ಬೀದಿಯ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಆದರೆ ಗಣಿ ಕಾಲದಲ್ಲಿ ಹತ್ತಿದ ಫುಟ್‌ಬಾಲ್ ಹುಚ್ಚು ಇಲ್ಲಿ ಇನ್ನೂ ಇಳಿದಿಲ್ಲ. ಆ ಮ್ಯಾಚ್ ಮುಗಿದಾಗ ನಮ್ಮ ಹುಡುಗರು ಒಬ್ಬರ ಮುಖ ಒಬ್ಬರು ನೋಡದೆ ಎದ್ದು ಹೋದರು. ಅಕ್ಕನ ಮಗ ಎಂಟನೇ ಕ್ಲಾಸು. ಊಟ ಬೇಡ ಅಂತ ಮಲಗಿಬಿಟ್ಟ. ಅವನನ್ನು ಮತ್ತೆ ಆ ಮ್ಯಾಚಿನ ಮುಂದೆ ಕೂರಿಸಿದ್ದು ಹೇಗೆ ಅಂತ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಅಂಥ ಒಬ್ಬ ಹುಡುಗನೋ ಹುಡುಗಿಯೋ ಇದ್ದರೆ ಬಳಕೆಗೆ ಬರಬಹುದು.

ಅದೇ ರಾತ್ರಿ ನೋಡಲು ಹೋಗಬೇಡಿ. ಹೊಟ್ಟೆ ಉರಿಯುತ್ತಿರುವಾಗ ಕಣ್ಣಿಗೆ ಕಾಣುವುದು ತಪ್ಪು ಮಾಡಿದವನೊಬ್ಬನೇ. ಆಟಗಾರರ ಪೇಜಿಗೆ ಹೋಗಿ ಬಾಯಿಗೆ ಬಂದಂತೆ ಬೈಯುವುದಂತೂ ಬೇಡವೇ ಬೇಡ. ಎರಡು ಮೂರು ದಿನ ಬಿಡಿ. ನಮಗೆ ಭಾನುವಾರ ಅನುಕೂಲ ಅಂತ ಅಲ್ಲಿಯವರೆಗೆ ಬಿಟ್ಟೆವು.

ವಿಡಿಯೊ ಹಾಕುವ ಮುಂಚೆ ಒಂದು ಹಾಳೆ ತಗೊಂಡು 2027ರ ಏಷ್ಯನ್ ಕಪ್ ಅರ್ಹತಾ ಸುತ್ತಿನ ಗುಂಪಿನಲ್ಲಿ ಢಾಕಾವರೆಗೆ ನಾವು ಆಡಿದ ಮ್ಯಾಚುಗಳನ್ನೆಲ್ಲ ಮಕ್ಕಳ ಕೈಯಲ್ಲೇ ಬರೆಸಿ. ಇದನ್ನು ಬಿಡಬೇಡಿ. ಮಾರ್ಚ್‌ನಲ್ಲಿ ಶಿಲ್ಲಾಂಗ್‌ನಲ್ಲಿ ಇದೇ ಬಾಂಗ್ಲಾದೇಶದ ಮೇಲೆ 0-0. ಜೂನ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ಇಂಜುರಿ ಟೈಮ್ ಪೆನಾಲ್ಟಿಗೆ 0-1. ಅಕ್ಟೋಬರ್‌ನಲ್ಲಿ ಸಿಂಗಪುರದಲ್ಲಿ 1-1, ಆಮೇಲೆ ಮಡಗಾಂವ್‌ನಲ್ಲಿ ಅದೇ ಸಿಂಗಪುರದ ಮೇಲೆ 1-2. ಕೊನೆಗೆ ಢಾಕಾ. ಬರೆದಾದ ಮೇಲೆ ನಾವು ಹೊಡೆದ ಗೋಲುಗಳನ್ನು ಕೂಡಿಸಲು ಹೇಳಿ. ಐದು ಮ್ಯಾಚಿಗೆ ಎರಡು. ನಮ್ಮ ಹುಡುಗರು ಹಾಳೆ ನೋಡುತ್ತ ಸುಮ್ಮನೆ ಕೂತರು. ಏಷ್ಯನ್ ಕಪ್ ದಾರಿ ಮಡಗಾಂವ್‌ನಲ್ಲೇ ಮುಚ್ಚಿತ್ತು. ಢಾಕಾಗೆ ಹೋಗುವಾಗ ಎರಡೂ ತಂಡ ಹೊರಬಿದ್ದಾಗಿತ್ತು, ಉಳಿದದ್ದು ಮರ್ಯಾದೆ ಪ್ರಶ್ನೆ. ಒಂದೇ ರಾತ್ರಿಯಲ್ಲಿ ಎಲ್ಲ ಹಾಳಾಯಿತು ಅಂದುಕೊಂಡಿದ್ದ ಹುಡುಗನಿಗೆ ಈ ಹಾಳೆ ಬೇರೆಯದೇ ತೋರಿಸುತ್ತದೆ.

ಈಗ ವಿಡಿಯೊ. ಪೂರ್ತಿ ಮ್ಯಾಚೇ ಬೇಕು. ಹೈಲೈಟ್ಸ್ ನೋಡಿ ತೀರ್ಪು ಕೊಡುವುದು ಬಾಕ್ಸಿನ ಮೇಲಿನ ಸಾಲಿನ ಹಣ್ಣು ನೋಡಿ ರೇಟ್ ಕೂಗಿದ ಹಾಗೆ. ಸೌಂಡ್ ಪೂರ್ತಿ ತೆಗೆಯಿರಿ. ಕಾಮೆಂಟರಿ ಇದ್ದರೆ ಅವರು ಹೇಳಿದ್ದನ್ನೇ ನಮ್ಮ ಕಣ್ಣು ನೋಡುತ್ತದೆ. ಫೋನ್ ಸಣ್ಣದಾಯಿತು ಅನಿಸಿದರೆ ಟಿವಿಗೆ ಹಾಕಿ, ಇಲ್ಲದಿದ್ದರೆ ಮೂವರಿಗಿಂತ ಹೆಚ್ಚು ಜನ ಒಟ್ಟಿಗೆ ಕೂರಬೇಡಿ.

ಗೋಲನ್ನು ನಾಲ್ಕು ಸಲ ನೋಡಬೇಕು. ನೋವಾಗುತ್ತದೆ, ಆದರೂ ನೋಡಿ. ಬಾಲು ಬಲೆಗೆ ಬಿದ್ದ ಜಾಗದಿಂದಲ್ಲ, ಅದಕ್ಕೆ ಇಪ್ಪತ್ತು ಸೆಕೆಂಡ್ ಹಿಂದಿನಿಂದ ಶುರು ಮಾಡಿ. ಮೊದಲನೇ ಸಲ ಬಾಲನ್ನಷ್ಟೇ: ಬಾಂಗ್ಲಾದ ರಾಕಿಬ್ ಹೊಸೇನ್ ಎಡ ಅಂಚಿನಲ್ಲಿ ಅದನ್ನು ಎಳೆದುಕೊಂಡು ಓಡುತ್ತಾನೆ, ಒಳಕ್ಕೆ ಕೊಡುತ್ತಾನೆ, ಮೊರ್ಸಲಿನ್ ಕಾಲು ಚಾಚಿ ತಾಗಿಸುತ್ತಾನೆ, ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಕಾಲುಗಳ ನಡುವೆ ಹೋಗುತ್ತದೆ. ಎರಡನೇ ಸಲ ಬಾಲು ಬಿಟ್ಟು ಮೊರ್ಸಲಿನ್‌ನ ಮೇಲೆ ಬೆರಳಿಟ್ಟು ನೋಡಿ. ರಾಕಿಬ್ ಓಡಲು ಶುರು ಮಾಡಿದಾಗ ಇವನೆಲ್ಲಿದ್ದ, ಎಲ್ಲಿ ವೇಗ ಹೆಚ್ಚಿಸಿದ? ಮೂರನೇ ಸಲ ನಮ್ಮ ಡಿಫೆಂಡರುಗಳ ತಲೆ ಯಾವ ಕಡೆ ತಿರುಗಿದೆ ಅಂತ ನೋಡಿ. ನಮ್ಮ ಗೋಲಿನ ಕಡೆ ಮುಖ ಮಾಡಿ ಹಿಂದಕ್ಕೆ ಓಡುವಾಗ ಯಾವ ಡಿಫೆಂಡರ್‌ಗೂ ಇರುವ ಕಷ್ಟ ಒಂದೇ: ಬಾಲು ನೋಡಿದರೆ ಆಳು ತಪ್ಪುತ್ತಾನೆ, ಆಳು ನೋಡಿದರೆ ಬಾಲು ತಪ್ಪುತ್ತದೆ. ಓಡುತ್ತಲೇ ಭುಜದ ಮೇಲಿಂದ ಒಂದು ಸಲ ತಿರುಗಿ ನೋಡುವುದನ್ನು ಚಿಕ್ಕಂದಿನಿಂದ ರೂಢಿ ಮಾಡಿಸಬೇಕು, ದೊಡ್ಡವರಾದ ಮೇಲೆ ಬರುವುದು ಕಷ್ಟ. ನಾಲ್ಕನೇ ಸಲ ಗೋಲ್‌ಕೀಪರ್ ಮಾತ್ರ. ಹತ್ತಿರದಿಂದ ಬರುವ ಬಾಲಿಗೆ ಮೈ ಅಗಲಿಸಿ ನಿಂತರೆ ಕಾಲುಗಳ ನಡುವೆ ಜಾಗ ಬಿಡುತ್ತದೆ, ಕಾಲು ಕೂಡಿಸಿದರೆ ಪಕ್ಕ ಬಿಡುತ್ತದೆ. ತೀರ್ಮಾನ ಮಾಡಲು ಅವನಿಗೆ ಸಿಗುವುದು ಅರೆಗಳಿಗೆ. ಇದನ್ನು ಕಣ್ಣಾರೆ ನೋಡಿದ ಹುಡುಗ ಆಮೇಲೆ ಗೋಲ್‌ಕೀಪರ್‌ಗೆ ಬೈಯುವುದಿಲ್ಲ.

ಅಲ್ಲಿಂದ ನೇರ 31ನೇ ನಿಮಿಷಕ್ಕೆ ಹೋಗಿ. ನನ್ನ ಮಟ್ಟಿಗೆ ಇಡೀ ಮ್ಯಾಚ್‌ನಲ್ಲಿ ಮಕ್ಕಳಿಗೆ ತೋರಿಸಲೇಬೇಕಾದದ್ದು ಇದು. ಬಾಂಗ್ಲಾದ ಗೋಲ್‌ಕೀಪರ್ ಮಿತುಲ್ ಮಾರ್ಮ ಜಾಗ ಬಿಟ್ಟು ಹೊರಗಿದ್ದಾನೆ, ಗೋಲು ಬರಿದಾಗಿದೆ, ನಮ್ಮ ಛಾಂಗ್ಟೆ ಹೊಡೆದ ಬಾಲು ಒಳಗೆ ಹೋಗುತ್ತಿದೆ. ಬಾಂಗ್ಲಾದ ಹಮ್ಜಾ ಚೌಧುರಿ ಬಂದು ತಲೆ ಕೊಟ್ಟು ತೆಗೆಯುತ್ತಾನೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇಲ್ಲಿ ವಿಡಿಯೊ ನಿಲ್ಲಿಸಿ ಹಿಂದಕ್ಕೆ ಹೋಗಿ, ಗೋಲ್‌ಕೀಪರ್ ಹೊರಗೆ ಬಂದ ಕ್ಷಣದಿಂದ ಹಮ್ಜಾನನ್ನೇ ನೋಡಿ. ಗೋಲ್‌ಕೀಪರ್ ಗೋಲಿನ ಗೆರೆ ಬಿಟ್ಟರೆ ಇನ್ನೊಬ್ಬ ಗೆರೆಗೆ ಹೋಗಬೇಕು ಅನ್ನುವುದು ಆಟದ ಮೊದಲ ಪಾಠಗಳಲ್ಲಿ ಒಂದು. ಇಂಗ್ಲೆಂಡ್‌ನ ಲೆಸ್ಟರ್ ಸಿಟಿ ಕ್ಲಬ್ಬಿಗೆ ಆಡಿ, 2021ರಲ್ಲಿ ಅಲ್ಲಿನ ಎಫ್‌ಎ ಕಪ್ ಗೆದ್ದ ತಂಡದಲ್ಲಿದ್ದವನು ಮಕ್ಕಳ ಆ ಪಾಠವನ್ನು ಅಷ್ಟು ಶ್ರದ್ಧೆಯಿಂದ ಮಾಡಿದ. ‘ಅವರು ನಮ್ಮ ಗೋಲು ಕಿತ್ತುಕೊಂಡರು ಮಾಮ’ ಅಂದ ನಮ್ಮ ಹುಡುಗ. ಕಿತ್ತುಕೊಂಡಿಲ್ಲ, ಓಡಿ ಬಂದು ಸಂಪಾದಿಸಿದ ಅಂತ ಹೇಳಿದೆ. ಎದುರಾಳಿಯ ಒಳ್ಳೆಯ ಆಟವನ್ನು ಬಾಯಿಬಿಟ್ಟು ಹೊಗಳಿ, ಮಕ್ಕಳ ಎದುರಿಗೇ ಹೊಗಳಿ.

ಸೆಕೆಂಡ್ ಹಾಫ್ ಪೂರ್ತಿ ಕೂರಿಸಿದರೆ ಸಣ್ಣವರು ಆಕಳಿಸುತ್ತಾರೆ. ಅವರಿಗೊಂದು ಕೆಲಸ ಕೊಡಿ. ಹಾಳೆಯಲ್ಲಿ ಎರಡು ಕಂಬ ಎಳೆಯಿರಿ: ಭಾರತ ಪೆನಾಲ್ಟಿ ಬಾಕ್ಸ್ ಒಳಗೆ ಬಾಲು ಕಳಿಸಿದಾಗಲೆಲ್ಲ ಮೊದಲ ಕಂಬದಲ್ಲಿ ಒಂದು ಗೆರೆ, ಆ ಬಾಲು ನಮ್ಮವನ ಕಾಲಿಗೋ ತಲೆಗೋ ಸಿಕ್ಕರೆ ಎರಡನೆಯದರಲ್ಲಿ ಒಂದು ಗೆರೆ. ಕೊನೆಯಲ್ಲಿ ಎರಡೂ ಕಂಬ ಪಕ್ಕಪಕ್ಕ ಇಟ್ಟು ಮಾತಾಡಿ.

ಆ ಮಾತು ಮಧ್ಯದಲ್ಲಿ ಮುಂದೆ ನಿಂತು ಗೋಲು ಹೊಡೆಯುವ ಸ್ಟ್ರೈಕರ್ ವಿಷಯಕ್ಕೆ ಬಂದೇ ಬರುತ್ತದೆ. ದೇಶಕ್ಕೆ 95 ಗೋಲು ಹೊಡೆದ ಸುನಿಲ್ ಛೆಟ್ರಿ ಢಾಕಾದಲ್ಲಿ ಇರಲಿಲ್ಲ. 2024ರಲ್ಲಿ ನಿವೃತ್ತಿ ಹೇಳಿ ಹೋದವರನ್ನು ಮರುವರ್ಷ ವಾಪಸ್ ಕರೆಸಬೇಕಾಯಿತು ಅಂದರೆ ಕೊರತೆ ಎಷ್ಟಿದೆ ಅಂತ ಯೋಚಿಸಿ. ನಮ್ಮ ದೇಶದ ದೊಡ್ಡ ಲೀಗ್ ಐಎಸ್‌ಎಲ್‌ನಲ್ಲಿ ಹೆಚ್ಚಿನ ಕ್ಲಬ್ಬುಗಳು ಸ್ಟ್ರೈಕರ್ ಜಾಗಕ್ಕೆ ವಿದೇಶಿಯರನ್ನೇ ಹಾಕುತ್ತವೆ, ನಮ್ಮ ಹುಡುಗರು ಅಂಚಿಗೆ ಸರಿಯುತ್ತಾರೆ. ನವೆಂಬರ್ ಬಂದರೂ ಆ ವರ್ಷದ ಲೀಗೇ ಶುರುವಾಗಿರಲಿಲ್ಲ, ಒಪ್ಪಂದದ ಗೊಂದಲದಲ್ಲಿ ನಿಂತುಹೋಗಿತ್ತು. ವಾರವಾರ ಮ್ಯಾಚ್ ಆಡದವನ ಕಾಲಿಗೆ ಗೋಲಿನ ಮುಂದೆ ನಿಧಾನ ಎಲ್ಲಿಂದ ಬರಬೇಕು? ಹೊರದೇಶದಲ್ಲಿ ಬೆಳೆದವರ ಮಾತೂ ಬರುತ್ತದೆ. ಬಾಂಗ್ಲಾಕ್ಕೆ ಹಮ್ಜಾ ಸಿಕ್ಕ. ನಮ್ಮಲ್ಲಿ ಎರಡು ದೇಶದ ಪೌರತ್ವಕ್ಕೆ ಅವಕಾಶ ಇಲ್ಲ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾ ಪಾಸ್‌ಪೋರ್ಟ್ ಬಿಟ್ಟುಕೊಟ್ಟೇ ಭಾರತೀಯನಾಗಬೇಕಾಯಿತು, ಆದರೂ ಕಾಗದಪತ್ರ ಮುಗಿಯದೆ ಆ ಮ್ಯಾಚಿಗೆ ಇಳಿಯಲಾಗಲಿಲ್ಲ. ಈ ದಾರಿ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಮಾರಿಕುಪ್ಪಂನಲ್ಲೋ ಬಂಗಾರಪೇಟೆಯಲ್ಲೋ ಆಡುತ್ತಿರುವ ಹತ್ತು ವರ್ಷದವನನ್ನು ಅಂಚಿನಿಂದ ಮಧ್ಯಕ್ಕೆ ತರುವ ಕೆಲಸ ಅದಕ್ಕಿಂತ ಮೊದಲು ಆಗಬೇಕು.

ಇಷ್ಟರಲ್ಲಿ ಮಕ್ಕಳ ಮುಖ ಬಾಡಿರುತ್ತದೆ. 2021ರ ಜೂನ್ 7ರ ದೋಹಾ ಮ್ಯಾಚ್ ಹಾಕಿ. ಅದೂ ಬಾಂಗ್ಲಾದೇಶದ ಮೇಲೆಯೇ, 2-0 ಗೆದ್ದೆವು, ಎರಡೂ ಛೆಟ್ರಿಯದೇ. 79ನೇ ನಿಮಿಷದ್ದನ್ನು ನಿಧಾನವಾಗಿ ನೋಡಿ: ಆಶಿಕ್ ಕುರುಣಿಯನ್ ಎಡಗಡೆಯಿಂದ ಕ್ರಾಸ್ ಹಾಕುತ್ತಾನೆ, ಛೆಟ್ರಿ ತಲೆ ಕೊಡುತ್ತಾರೆ. ಇಲ್ಲೂ ಬಾಲು ಬಿಟ್ಟು ಛೆಟ್ರಿಯ ಮೇಲೆ ಬೆರಳಿಡಿ. ಢಾಕಾದ ಗೋಲಿಗೆ ಮೊರ್ಸಲಿನ್‌ನನ್ನು ನೋಡಿದ ಕಣ್ಣಲ್ಲೇ ನೋಡಿ.

ಆಮೇಲೆ ಟಿವಿ ಆರಿಸಿ ಮೈದಾನಕ್ಕೆ ಹೊರಡಿ. ಬೆಳಕಿರುವಾಗಲೇ ಹೋಗಬೇಕು, ನಾಳೆಗೆ ಅಂತ ಬಿಟ್ಟರೆ ಕಂಡದ್ದು ಕಾಲಿಗೆ ಇಳಿಯುವುದಿಲ್ಲ. ನಾನು ಮಂಡಿಯ ಎರಡು ಖಾಲಿ ಟೊಮೆಟೊ ಬಾಕ್ಸ್ ಗೋಲಿಗೆ ಇಡುತ್ತೇನೆ. ಒಬ್ಬ ಎಡ ಅಂಚಿನಲ್ಲಿ ಬಾಲು ತಗೊಂಡು ಓಡಲಿ, ಒಬ್ಬ ಮಧ್ಯದಲ್ಲಿ ಅವನ ಜೊತೆಗೇ ಓಡಿ ಬರಲಿ, ಡಿಫೆಂಡರ್ ಒಬ್ಬ, ಗೋಲ್‌ಕೀಪರ್ ಒಬ್ಬ. ಡಿಫೆಂಡರ್‌ಗೆ ಒಂದೇ ನಿಯಮ: ಹಿಂದಕ್ಕೆ ಓಡುವಾಗ ಎರಡು ಸಲ ತಿರುಗಿ ನೋಡಿ, ಮಧ್ಯದವನ ಜರ್ಸಿ ಬಣ್ಣ ಜೋರಾಗಿ ಕೂಗಬೇಕು. ಕೂಗದಿದ್ದರೆ ಬಾಲು ತಡೆದರೂ ಲೆಕ್ಕಕ್ಕಿಲ್ಲ. ಮಧ್ಯದವನು ಬಾಲು ಬರುವ ಮುಂಚೆ ಡಿಫೆಂಡರ್‌ನ ಮುಂದೆ ಬರಬೇಕು, ನಿಲ್ಲಿಸದೆ ಒಂದೇ ಟಚ್‌ಗೆ ಹೊಡೆಯಬೇಕು. ಗೋಲ್‌ಕೀಪರ್ ಹೊರಗೆ ಬಂದರೆ ಡಿಫೆಂಡರ್ ನೇರ ಬಾಕ್ಸ್‌ಗಳ ನಡುವೆ ಹೋಗಿ ನಿಲ್ಲಬೇಕು. ಎಲ್ಲರಿಗೂ ಎಲ್ಲ ಜಾಗದ ಸರದಿ ಬರಲಿ, ಗೋಲ್‌ಕೀಪರ್ ಜಾಗವೂ ಸೇರಿ. ಎಡಗಡೆಯಿಂದ ಎಲ್ಲರ ಸರದಿ ಮುಗಿದ ಮೇಲೆ ಬಾಲನ್ನು ಬಲ ಅಂಚಿಗೆ ಒಯ್ದು ಮತ್ತೆ ಶುರು ಮಾಡಿ.