ಮಳೆಗಾಲದಲ್ಲಿ ಮನೆ ಕರೆಂಟ್ ಪದೇ ಪದೇ ಟ್ರಿಪ್ ಆಗ್ತಿದ್ರೆ ಎಲ್ಲಿಂದ ಹುಡುಕ್ಬೇಕು

ಪುನರ್ವಸು, ಪುಷ್ಯ ಮಳೆ ಹಿಡ್ಕೊಂಡ್ರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಗಳಲ್ಲಿ ಕರೆಂಟಿನ ಕಾಟ ಶುರು. ಲೈನ್ ಮೇಲೆ ಮರ ಬಿದ್ದು ಹೋಗೋ ಕರೆಂಟ್ ಬಿಡಿ, ಅದಕ್ಕೆ 1912ಕ್ಕೆ ಫೋನ್ ಮಾಡಿ ಕಾಯೋದೇ. ನಾನು ಹೇಳ್ತಿರೋದು ಪಕ್ಕದ ಮನೇಲಿ ಲೈಟ್ ಉರೀತಾ ಇದ್ದು ನಮ್ಮನೇಲಿ ಮಾತ್ರ ಟಕ್ ಅಂತ ಹೋಗೋ ಕೇಸು. ಈ ಟೈಮಲ್ಲಿ ಎಲೆಕ್ಟ್ರಿಷಿಯನ್ ಕೈಗೆ ಸಿಗೋದಿಲ್ಲ, ಮನೆಯವ್ರಿಗೆ ತಾಳ್ಮೆ ಇರೋದಿಲ್ಲ, ಕೊನೆಗೆ ಯಾರೋ ಬಂದು ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಬಿದ್ದು ಲೈನ್ ಕಡಿಯೋ ಸ್ವಿಚ್) ತಪ್ಸಿ ಡೈರೆಕ್ಟ್ ಕೊಟ್ಟು ಹೋಗ್ತಾರೆ. ದಯವಿಟ್ಟು ಇದೊಂದನ್ನ ಮಾಡ್ಬೇಡಿ, ಮಾಡೋಕೆ ಬಿಡ್ಲೂಬೇಡಿ. ಅದು ಬೀಳ್ತಿದೆ ಅಂದ್ರೆ ಎಲ್ಲೋ ಕರೆಂಟ್ ಸೋರ್ತಾ ಇದೆ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಓಡಾಡೋ ನಮ್ಮ ಬಚ್ಚಲು ಮನೆಗಳಲ್ಲಿ ಆ ಸೋರಿಕೆ ಜೀವ ತೆಗೀತದೆ.

ಮೊದ್ಲು ಡಿಬಿ ಬಾಕ್ಸ್, ಅಂದ್ರೆ ಮನೆಯ ಲೈನುಗಳ ಸ್ವಿಚ್ಚೆಲ್ಲ ಇರೋ ಪೆಟ್ಟಿಗೆ, ತೆಗೆದು ಬಿದ್ದಿರೋದು ಯಾವ್ದು ನೋಡಿ. ಸಣ್ಣ ಸಣ್ಣ ಎಂಸಿಬಿಗಳಲ್ಲಿ (ಒಂದೊಂದು ಲೈನಿಗೂ ಇರೋ, ಕರೆಂಟ್ ಹೆಚ್ಚು ಎಳೆದ್ರೆ ತಾನೇ ಬೀಳೋ ಸ್ವಿಚ್) ಒಂದು ಬಿದ್ದಿದ್ರೆ ಓವರ್‌ಲೋಡ್ ಇಲ್ಲಾ ಶಾರ್ಟ್. ಎತ್ತಿದ ತಕ್ಷಣ ಮತ್ತೆ ಬಿದ್ರೆ ಶಾರ್ಟ್, ಸ್ವಲ್ಪ ಹೊತ್ತು ನಿಂತು ಆಮೇಲೆ ಬಿದ್ರೆ ಹೆಚ್ಚಾಗಿ ಓವರ್‌ಲೋಡ್. 2000 ವ್ಯಾಟಿನ ಗೀಸರ್ ಒಂದೇ ಸುಮಾರು 9 ಆಂಪ್ ಎಳೀತದೆ, ಅದೇ 16 ಆಂಪಿನ ಎಂಸಿಬಿ ಮೇಲೆ ಇಸ್ತ್ರಿಪೆಟ್ಟಿಗೆ, ಇಂಡಕ್ಷನ್ ಸ್ಟವ್ ಎಲ್ಲಾ ಒಟ್ಟಿಗೆ ಹಾಕಿದ್ರೆ ಅದು ಬೀಳ್ದೆ ಇನ್ನೇನು ಮಾಡ್ಬೇಕು. ಅದಕ್ಕೆ ಪರಿಹಾರ ದೊಡ್ಡ ಎಂಸಿಬಿ ಹಾಕೋದಲ್ಲ. ಒಳಗಿನ ವೈರ್ ಹಳೇದೇ ಇರ್ತದಲ್ಲ, ಎಂಸಿಬಿ ಸುಮ್ನಿದ್ದು ಗೋಡೆ ಒಳಗೆ ವೈರ್ ಬೇಯ್ತದೆ. ಹಳೇ ಮನೆಗಳ ಪಿಂಗಾಣಿ ಫ್ಯೂಸಿಗೆ ನಾಲ್ಕೆಳೆ ತಾಮ್ರದ ವೈರ್ ಸೇರಿಸಿ ಕಟ್ಟೋದೂ ಇದೇ ತಪ್ಪು.

ಆದ್ರೆ ಮಲೆನಾಡಿನ ಮಳೆಗಾಲದಲ್ಲಿ ಹೆಚ್ಚಾಗಿ ಬೀಳೋದು ಆರ್‌ಸಿಸಿಬಿ, ಕೆಲವ್ರು ಇಎಲ್‌ಸಿಬಿ ಅಂತಾರೆ, ಮೇಲೆ ‘ಟಿ’ ಅಂತ ಟೆಸ್ಟ್ ಬಟನ್ ಇರ್ತದೆ ನೋಡಿ ಅದು. ಅದರ ಕೆಲಸ ಇಷ್ಟೇ, ಫೇಸಲ್ಲಿ (ಕರೆಂಟ್ ತರೋ ವೈರ್) ಹೋದ ಕರೆಂಟ್ ಅಷ್ಟೂ ನ್ಯೂಟ್ರಲಲ್ಲಿ (ವಾಪಸ್ ಒಯ್ಯೋ ವೈರ್) ವಾಪಸ್ ಬಂತಾ ಅಂತ ನೋಡ್ತಾ ಇರೋದು. ಮನೆಗೆ ಹಾಕೋದು ಸಾಮಾನ್ಯವಾಗಿ 30 ಮಿಲಿಆಂಪಿಂದು, ಅಷ್ಟು ವ್ಯತ್ಯಾಸ ಬಂದ್ರೆ ಕೆಳಗೆ ಬೀಳ್ತದೆ. ಹಂಗಾಗಿ ಇಲ್ಲಿ ಹುಡುಕ್ಬೇಕಾಗಿರೋದು ಲೀಕೇಜ್.

ಹುಡುಕೋ ಕ್ರಮ ಹೀಗೆ. ಎಲ್ಲಾ ಎಂಸಿಬಿ ಕೆಳಗೆ ಮಾಡಿ. ಫ್ರಿಜ್, ಮಿಕ್ಸಿ, ವಾಷಿಂಗ್ ಮಷಿನ್, ಟಿವಿ ಎಲ್ಲದರ ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದ್ರೆ ಸಾಲೋದಿಲ್ಲ, ಯಾಕಂದ್ರೆ ಸ್ವಿಚ್ ಕಡಿಯೋದು ಫೇಸ್ ಮಾತ್ರ, ನ್ಯೂಟ್ರಲ್ ಹಂಗೇ ಸೇರ್ಕೊಂಡಿರ್ತದೆ. ಆಮೇಲೆ ಆರ್‌ಸಿಸಿಬಿ ಎತ್ತಿ. ನಿಂತ್ರೆ ಒಂದೊಂದೇ ಎಂಸಿಬಿ ಮೇಲೆ ಮಾಡ್ತಾ ಹೋಗಿ. ಯಾವುದನ್ನ ಎತ್ತಿದಾಗ ಬೀಳ್ತದೋ ತೊಂದ್ರೆ ಹೆಚ್ಚಾಗಿ ಆ ಲೈನಲ್ಲಿ. ಎಲ್ಲಾ ಎಂಸಿಬಿ ನಿಂತ್ವು ಅಂದ್ರೆ ವೈರಿಂಗ್ ಬಹುಶಃ ಸರಿ ಇದೆ, ಈಗ ಪ್ಲಗ್ ಒಂದೊಂದೇ ಹಾಕಿ ಆನ್ ಮಾಡಿ, ಕಳ್ಳ ಸಿಕ್ತಾನೆ. ನನ್ನ ಪ್ರಕಾರ ಮೊದಲ ಅನುಮಾನ ಗೀಸರ್ ಮೇಲೆ ಇರ್ಬೇಕು. ಅದರ ಕಾಯಿಲ್ ಬಿರುಕು ಬಿಟ್ಟು ನೀರು ಒಳಗೆ ಹೋಗಿರ್ತದೆ, ನೀರು ಬಿಸಿ ಆಗ್ತಾನೇ ಇರ್ತದೆ, ಹಂಗಾಗಿ ಯಾರಿಗೂ ಅನುಮಾನ ಬರೋದಿಲ್ಲ.

ಇನ್ನು ಎಲ್ಲರನ್ನೂ ಸುತ್ತಾಡ್ಸೋ ಕೇಸೊಂದಿದೆ. ಅಡುಗೆ ಮನೆ ಎಂಸಿಬಿ ಎತ್ತಿದ್ರೂ ಬೀಳ್ತದೆ, ರೂಮಿಂದು ಎತ್ತಿದ್ರೂ ಬೀಳ್ತದೆ, ಕೆಲವು ಸಲ ಎಲ್ಲಾ ಎಂಸಿಬಿ ಕೆಳಗಿದ್ರೂ ಆರ್‌ಸಿಸಿಬಿ ನಿಲ್ಲೋದೇ ಇಲ್ಲ. ಆಗ ಆರ್‌ಸಿಸಿಬಿನೇ ಕೆಟ್ಟಿದೆ ಅಂತ ಹೊಸದು ತಂದು ಹಾಕ್ತಾರೆ, ಅದೂ ಬೀಳ್ತದೆ. ವಿಷಯ ಏನಂದ್ರೆ ಎಲ್ಲೋ ಒಂದು ಕಡೆ ನ್ಯೂಟ್ರಲ್ ವೈರ್ ಅರ್ಥಿಗೆ (ನೆಲಕ್ಕೆ ಹೋಗೋ ವೈರಿಗೆ) ತಾಗಿರ್ತದೆ, ಇಲ್ಲಾ ಥಂಡಿ ಹಿಡಿದ ಗೋಡೆಗೆ ತಾಗಿರ್ತದೆ. ಸಿಂಗಲ್ ಪೋಲ್ ಎಂಸಿಬಿನೂ ಸ್ವಿಚ್ಚಿನ ಹಾಗೇ ಫೇಸ್ ಮಾತ್ರ ಕಡಿಯೋದು, ಹಂಗಾಗಿ ಆ ಕೆಟ್ಟ ನ್ಯೂಟ್ರಲ್ ಯಾವಾಗ್ಲೂ ಸರ್ಕ್ಯೂಟಲ್ಲೇ ಇರ್ತದೆ, ನೀವು ಯಾವ ಲೈನಲ್ಲಿ ಲೋಡ್ ಹಾಕಿದ್ರೂ ವಾಪಸ್ ಬರೋ ಕರೆಂಟಲ್ಲಿ ಒಂದು ಪಾಲು ಅಲ್ಲಿಂದ ನೆಲಕ್ಕೆ ಹೋಗ್ತದೆ. ಇದಕ್ಕೆ ಮೇನ್ ಆಫ್ ಮಾಡಿ ನ್ಯೂಟ್ರಲ್ ಲಿಂಕಿಂದ (ನ್ಯೂಟ್ರಲ್ ವೈರೆಲ್ಲ ಸೇರೋ ಪಟ್ಟಿ) ವೈರ್ ಒಂದೊಂದೇ ಬಿಚ್ಚಿ ನೋಡ್ಬೇಕು, ಅದು ಎಲೆಕ್ಟ್ರಿಷಿಯನ್ ಕೆಲಸ, ನೀವು ಕೈ ಹಾಕ್ಬೇಡಿ. ಹೊಸ ಇನ್ವರ್ಟರ್ ಹಾಕ್ಸಿದ ಮೇಲೆ ಇದು ಶುರುವಾಗಿದ್ರೆ ಅವ್ರು ನ್ಯೂಟ್ರಲ್ ಅದಲು ಬದಲು ಸೇರ್ಸಿದ್ದಾರಾ ಅಂತ ಮೊದ್ಲು ಕೇಳಿ.

ಲೀಕೇಜ್ ಆಗೋ ಜಾಗಗಳು ನಮ್ಮ ಕಡೆ ಹೆಚ್ಚುಕಮ್ಮಿ ಗೊತ್ತಿರೋವೇ. ಮಳೆ ಹೊಡೆಯೋ ದಿಕ್ಕಿನ ಗೋಡೆ, ಅಂಗಳದ ಲೈಟು, ಗೇಟ್ ಲೈಟು, ಬೋರ್‌ವೆಲ್ ಸ್ಟಾರ್ಟರ್, ದನದ ಕೊಟ್ಟಿಗೆ ಹೋಲ್ಡರ್. ಮೇನ್ ಆಫ್ ಮಾಡ್ಕೊಂಡು ಅಂಗಳದ ಲೈಟಿನ ಗಾಜು ಬಿಚ್ಚಿ ನೋಡಿ, ತಳದಲ್ಲಿ ನೀರು ನಿಂತು ಅದ್ರೊಳಗೆ ಸತ್ತ ಹುಳ ತೇಲ್ತಾ ಇರ್ತಾವೆ, ಹೋಲ್ಡರ್ ಸ್ಕ್ರೂ ಹಸಿರು ಕಿಲುಬು ಹಿಡಿದಿರ್ತದೆ, ಕೆಲವು ಸಲ ಫೇಸಿಗೂ ಬಾಡಿಗೂ ಮಧ್ಯ ಹಲ್ಲಿ ಸತ್ತು ಒಣಗಿ ಅಂಟ್ಕೊಂಡಿರ್ತದೆ. ಒರೆಸಿ, ಪೂರ್ತಿ ಒಣಗಿಸಿ, ವೈರ್ ಒಳಗೆ ಬರೋ ತೂತು ಕೆಳಮುಖ ಇರೋ ಹಾಗೆ ಮಾಡಿದ್ರೆ ಅರ್ಧ ಸಮಸ್ಯೆ ಅಲ್ಲೇ ಮುಗೀತದೆ. ಆರ್‌ಸಿಸಿ (ಕಾಂಕ್ರೀಟ್ ತಾರಸಿ) ಮನೆಗಳಲ್ಲಿ ಟೆರೇಸ್ ನೀರು ಪೈಪೊಳಗೆ ಇಳಿದು ಸ್ವಿಚ್ ಬೋರ್ಡಲ್ಲಿ ಹನಿಯೋದೂ ಉಂಟು, ಆ ಬೋರ್ಡ್ ಮುಟ್ಲೇಬೇಡಿ. ಅಟ್ಟದ ಮೇಲೆ ಅಡಿಕೆ ಚೀಲ ಇಟ್ಟಿದ್ರೆ ಇಲಿ ಕಡಿದ ವೈರ್ ಇದ್ಯಾ ಅಂತನೂ ನೋಡಿ.

ಟ್ರಿಪ್ಪೇ ಆಗ್ದೆ ಲೈಟ್ ಒಂದ್ಸಲ ಮಂಕು ಒಂದ್ಸಲ ಜೋರು ಆಗ್ತಿದ್ರೆ ಅದು ಬೇರೆ ಕಥೆ, ಲೂಸ್ ನ್ಯೂಟ್ರಲ್. ತಡ ಮಾಡ್ಬೇಡಿ, ಮೇನ್ ಆಫ್ ಮಾಡಿ. ಕಂಬದ ಕಡೆ ನ್ಯೂಟ್ರಲ್ ಪೂರ್ತಿ ಕಡಿದ್ರೆ 230 ವೋಲ್ಟ್ ಬರ್ಬೇಕಾದ ಮನೆಗೆ 400ರ ಹತ್ರ ಬರ್ಬಹುದು, ಫ್ರಿಜ್ಜು ಟಿವಿ ಎಲ್ಲಾ ಸುಟ್ಟು ಹೋಗ್ತದೆ. ಅಕ್ಕಪಕ್ಕದ ಮನೇಲೂ ಹಾಗೇ ಆಗ್ತಿದ್ಯಾ ಕೇಳಿ, ಆಗ್ತಿದ್ರೆ ಲೈನ್‌ಮನ್‌ಗೆ ಹೇಳಿ. ನಮ್ಮನೇಲಿ ಮಾತ್ರ ಆದ್ರೆ ಮೀಟರ್ ಹತ್ರನೋ ಡಿಬಿಯಲ್ಲೋ ಸ್ಕ್ರೂ ಲೂಸ್ ಆಗಿರ್ತದೆ. ಟೆಸ್ಟರ್ ಇಟ್ಟಾಗ ಸಾಕೆಟ್ಟಿನ ಎರಡೂ ತೂತಲ್ಲಿ ಉರಿದ್ರೆ ‘ಎರಡು ಫೇಸ್ ಬಂದಿದೆ’ ಅಂತ ಗಾಬರಿ ಬೀಳ್ತಾರೆ, ಸಾಮಾನ್ಯವಾಗಿ ಆಗಿರೋದು ನ್ಯೂಟ್ರಲ್ ಕಡಿದಿರೋದು, ಆನ್ ಇರೋ ಬಲ್ಬ್ ಮೂಲಕ ಫೇಸೇ ಆ ಕಡೆ ಬಂದು ತೋರ್ಸ್ತಿರ್ತದೆ.

ಮಿಕ್ಸಿ, ಫ್ರಿಜ್ ಮುಟ್ಟಿದ್ರೆ ಜುಮ್ ಅಂತದೆ ಅಂದ್ರೆ ‘ಸ್ವಲ್ಪ ಅಲ್ವಾ’ ಅಂತ ಬಿಡ್ಬೇಡಿ ಮಾರಾಯ್ರೆ. ಅರ್ಥ್ ಕಡಿದಿದೆ ಇಲ್ಲಾ ಅರ್ಥ್ ಗುಂಡಿ ಒಣಗಿದೆ. ಜಂಬಿಟ್ಟಿಗೆ ನೆಲ ಬೇಸಿಗೇಲಿ ಒಣಗಿ ಗಟ್ಟಿಯಾದಾಗ ಅರ್ಥಿಂಗ್ ಹಿಡಿಯೋದಿಲ್ಲ, ಗುಂಡಿಗೆ ಆಗಾಗ ನೀರು ಹಾಕ್ಬೇಕು.

ಏನೇ ಬಿಚ್ಚೋ ಮುಂಚೆ ಮೇನ್ ಜೊತೆ ಇನ್ವರ್ಟರನ್ನೂ ಆಫ್ ಮಾಡಿ, ಇದನ್ನ ಮರೆಯೋರು ತುಂಬಾ ಜನ. ಟೆಸ್ಟರನ್ನ ಮೊದ್ಲು ಕರೆಂಟ್ ಇರೋ ಕಡೆ ಇಟ್ಟು ಉರೀತದಾ ನೋಡ್ಕೊಂಡು, ಆಮೇಲೆ ಆಫ್ ಮಾಡಿ, ಬಿಚ್ಚೋ ಜಾಗದಲ್ಲಿ ನೋಡಿ. ಕಾಲಲ್ಲಿ ಒಣ ಚಪ್ಪಲಿ ಇರ್ಲಿ.

ಇಷ್ಟು ಮಾಡಿದ್ರೂ ಸಿಗ್ಲಿಲ್ಲ ಅಂದ್ರೆ ಎಲೆಕ್ಟ್ರಿಷಿಯನ್‌ಗೆ ‘ಕರೆಂಟ್ ಇಲ್ಲ ಬನ್ನಿ’ ಅಂತ ಮಾತ್ರ ಹೇಳ್ಬೇಡಿ. ಬೀಳ್ತಿರೋದು ಎಂಸಿಬಿನಾ ಆರ್‌ಸಿಸಿಬಿನಾ, ಯಾವ ಲೈನ್ ಎತ್ತಿದಾಗ ಬೀಳ್ತದೆ, ಪ್ಲಗ್ ಎಲ್ಲಾ ಕಿತ್ತ ಮೇಲೂ ಬೀಳ್ತದಾ, ಮಳೆ ಬಂದಾಗ ಮಾತ್ರನಾ, ಇದನ್ನೆಲ್ಲ ಹೇಳಿ. ಲೀಕೇಜ್ ಅಂತ ಗೊತ್ತಾದ್ರೆ ಅವ್ರು 500 ವೋಲ್ಟಿನ ಮೆಗ್ಗರ್ (ವೈರಿನ ಇನ್ಸುಲೇಷನ್ ನೋಡೋ ಮೀಟರ್) ಹಿಡ್ಕೊಂಡು ಬರ್ತಾರೆ, 1 ಮೆಗಾಓಮಿಗಿಂತ ಕಡಿಮೆ ತೋರ್ಸೋ ವೈರ್ ಯಾವ್ದು ಅಂತ ಹುಡುಕಿ ಅದನ್ನ ಮಾತ್ರ ಎಳೆದು ಹೊಸದು ಹಾಕ್ತಾರೆ, ಇಡೀ ಮನೆ ಗೋಡೆ ಒಡೆಸೋ ಪ್ರಸಂಗ ಬರೋದಿಲ್ಲ.