ದೂರ–ವೇಗ–ಕಾಲ: ವಾಕ್ಯದಿಂದ ಸಮೀಕರಣಕ್ಕೆ

ಸಮಸ್ಯೆ ಬಸ್ಸಿನದಿರಲಿ, ರೈಲಿನದಿರಲಿ, ಇಲ್ಲಿ ಬೇಕಾಗುವ ಸೂತ್ರ ಒಂದೇ: ವೇಗವನ್ನು ಕಾಲದಿಂದ ಗುಣಿಸಿದರೆ ದೂರ. ಸೂತ್ರ ನೆನಪಿದ್ದರೂ ಲೆಕ್ಕ ತಪ್ಪುವುದು ಬಹುಮಟ್ಟಿಗೆ ಕಾಲದ ವಿಷಯದಲ್ಲಿ. ಯಾರು ಎಷ್ಟು ಹೊತ್ತು ರಸ್ತೆಯಲ್ಲಿದ್ದರು ಎಂಬುದನ್ನು ಬರೆದುಕೊಳ್ಳುವ ಮೊದಲೇ ಮಕ್ಕಳು ಸಮೀಕರಣಕ್ಕೆ ಕೈಹಾಕುತ್ತಾರೆ.

ವಿಜಯಪುರದಿಂದ ಬೆಳಿಗ್ಗೆ 6 ಗಂಟೆಗೆ ಬಾಗಲಕೋಟೆಯ ಕಡೆಗೆ ಹೊರಟ ಬಸ್ಸು ಗಂಟೆಗೆ 40 ಕಿ.ಮೀ. ವೇಗದಲ್ಲಿ ಸಾಗುತ್ತಿದೆ ಎಂದುಕೊಳ್ಳಿ. ಅದೇ ಜಾಗದಿಂದ 6.30ಕ್ಕೆ ಹೊರಟ ಕಾರಿನ ವೇಗ ಗಂಟೆಗೆ 60 ಕಿ.ಮೀ. ಕಾರು ಬಸ್ಸನ್ನು ಎಷ್ಟು ಗಂಟೆಗೆ, ಎಷ್ಟು ದೂರದಲ್ಲಿ ಹಿಡಿಯುತ್ತದೆ?

ಮೊದಲು ಗೊತ್ತಿಲ್ಲದ್ದಕ್ಕೆ ಒಂದು ಅಕ್ಷರ ಕೊಡಬೇಕು. ನಮ್ಮ ಪಠ್ಯಗಳಲ್ಲಿ ಅದು ಎಕ್ಸ್. ವಿಜಯಪುರ ಸೀಮೆಯವರು ತಮ್ಮವರೆಂದು ಅಭಿಮಾನದಿಂದ ಹೇಳಿಕೊಳ್ಳುವ, 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯರು ಅವ್ಯಕ್ತ ರಾಶಿಗಳಿಗೆ ಯಾವತ್ತಾವತ್, ಕಾಲಕ, ನೀಲಕ ಎಂಬ ಹೆಸರುಗಳ ಮೊದಲಕ್ಷರಗಳನ್ನು ಬಳಸಿದರು. ಅಕ್ಷರ ಯಾವುದಾದರೂ ಆಗಲಿ, ಅದು ಯಾವುದರ ಅಳತೆ, ಯಾವ ಮಾನದಲ್ಲಿ ಎಂಬುದು ಮೊದಲ ಸಾಲಿನಲ್ಲೇ ಇರಬೇಕು. ಬಸ್ಸು ಸಾಗಿದ ಕಾಲ ‘ಕ’ ಗಂಟೆ ಎಂದು ಬರೆಯಿರಿ.

ಕಾರು ಅರ್ಧ ಗಂಟೆ ತಡವಾಗಿ ಹೊರಟಿದೆ. ಆದ್ದರಿಂದ ಅದು ರಸ್ತೆಯಲ್ಲಿ ಕಳೆದ ಹೊತ್ತು ಕಡಿಮೆ, ಅಂದರೆ ಕ − ½ ಗಂಟೆ. ‘ತಡ’ ಎಂಬ ಪದ ಕಂಡೊಡನೆ ಕೂಡಿಸುವವರು ಇಲ್ಲಿ ಎಡವುತ್ತಾರೆ. ಇನ್ನು ಎರಡರಲ್ಲೂ ಸಮನಾಗಿರುವುದನ್ನು ಹುಡುಕಬೇಕು. ಹಿಡಿದ ಕ್ಷಣದಲ್ಲಿ ಎರಡೂ ವಾಹನಗಳು ಕ್ರಮಿಸಿದ ದೂರ ಒಂದೇ ಆಗಿರುವುದರಿಂದ

40ಕ = 60(ಕ − ½)

ಬಿಡಿಸಿದರೆ 20ಕ = 30, ಕ = 1½. ಬಸ್ಸು ಒಂದೂವರೆ ಗಂಟೆಯಲ್ಲಿ 60 ಕಿ.ಮೀ., ಕಾರು ಒಂದು ಗಂಟೆಯಲ್ಲಿ 60 ಕಿ.ಮೀ. ಸಾಗಿವೆ, ಸಮಯ 7.30. ವಿಜಯಪುರ–ಬಾಗಲಕೋಟೆ ರಸ್ತೆ ಇದಕ್ಕಿಂತ ಉದ್ದವಿರುವುದರಿಂದ ಉತ್ತರ ವಾಸ್ತವಕ್ಕೂ ಹೊಂದುತ್ತದೆ.

ಅರ್ಧ ಗಂಟೆಯ ಬದಲು 30 ಎಂದು ಬರೆದರೆ ಏನಾಗುತ್ತದೆ, ನೋಡಿ. ಕ = 90 ಬರುತ್ತದೆ. ‘ಕ’ವನ್ನು ಗಂಟೆಯೆಂದು ಇಟ್ಟುಕೊಂಡಿರುವುದರಿಂದ ಬಸ್ಸು 90 ಗಂಟೆ ಓಡಿ 3600 ಕಿ.ಮೀ. ಕ್ರಮಿಸಿರಬೇಕಾಗುತ್ತದೆ! ವೇಗ ಗಂಟೆಯ ಲೆಕ್ಕದಲ್ಲಿದ್ದರೆ ನಿಮಿಷಗಳನ್ನು 60ರಿಂದ ಭಾಗಿಸಿಯೇ ಮುಂದುವರಿಯಬೇಕು.

ಎರಡು ವಾಹನಗಳು ಎದುರುಬದುರಾಗಿ ಬರುವಾಗ ಸಮೀಕರಣ ಬದಲಾಗುತ್ತದೆ: ಅಲ್ಲಿ ಎರಡೂ ಕ್ರಮಿಸಿದ ದೂರಗಳ ಮೊತ್ತ ಊರುಗಳ ನಡುವಿನ ಅಂತರಕ್ಕೆ ಸಮ.

ಎಸ್ಸೆಸ್ಸೆಲ್ಸಿಯಲ್ಲಿ ವರ್ಗ ಸಮೀಕರಣ ಕೊಡುವ ಬಗೆಯೂ ಇದೆ. 300 ಕಿ.ಮೀ. ಸಾಗುವ ರೈಲಿನ ವೇಗ ಗಂಟೆಗೆ 10 ಕಿ.ಮೀ. ಹೆಚ್ಚಿದ್ದರೆ ಒಂದು ಗಂಟೆ ಉಳಿಯುತ್ತಿತ್ತು ಎಂದಾಗ ನಮಗೆ ಗೊತ್ತಿರುವುದು ಕಾಲಗಳ ವ್ಯತ್ಯಾಸ. ಮೂಲ ವೇಗ ‘ವ’ ಆದರೆ

300/ವ − 300/(ವ + 10) = 1

ಇದು ವ² + 10ವ − 3000 = 0 ಆಗಿ, 50 ಮತ್ತು −60 ಎಂಬ ಎರಡು ಮೂಲಗಳು ದೊರೆಯುತ್ತವೆ. ವೇಗ ಋಣವಾಗದು ಎಂಬ ಕಾರಣವನ್ನು ಬರೆದೇ −60ನ್ನು ಬಿಡಬೇಕು, ಸುಮ್ಮನೆ ಹೊಡೆದುಹಾಕಬಾರದು. ತಾಳೆ ನೋಡಿದರೆ 50ರ ವೇಗದಲ್ಲಿ 6 ಗಂಟೆ, 60ರಲ್ಲಿ 5 ಗಂಟೆ.