ಹಳೆಯ ಲೆನ್ಸಿನ ಎರಡು ಉಂಗುರಗಳು

ನನಗೆ ಸಿಕ್ಕ ಮೊದಲ ಹಳೆಯ ಲೆನ್ಸ್ ಸೋವಿಯತ್ ಕಾಲದ ಹೀಲಿಯೋಸ್ 44-2, ಫೋಕಲ್ ದೂರ 58 ಮಿ.ಮೀ., ಬೆಳಕು ಬಿಡುವ ರಂಧ್ರ (ಅಪರ್ಚರ್) ಪೂರ್ತಿ ತೆರೆದಾಗ ಎಫ್/2; ಅಂಕಿ ಹೆಚ್ಚಿದಷ್ಟು ರಂಧ್ರ ಕಿರಿದು. ಬಾಟಲಿಯ ಮುಚ್ಚಳದಂತೆ ತಿರುಗಿಸಿ ಕೂರಿಸುವ ಎಂ42 ಮೌಂಟ್, ಅಂದರೆ ಲೆನ್ಸ್ ಕ್ಯಾಮೆರಾಕ್ಕೆ ಕೂಡುವ ಜಾಗ. ಆಗ ನನ್ನ ಬಳಿ ಇದ್ದದ್ದು ಒಳಗೆ ಕನ್ನಡಿಯಿರುವ ಕ್ಯಾಮೆರಾ, ನಿಕಾನ್ ಡಿಎಸ್‌ಎಲ್‌ಆರ್. ಬೇರೆ ಮೌಂಟಿನ ಲೆನ್ಸ್ ಕೂರಿಸುವ ಅಡಾಪ್ಟರ್ ಹಾಕಿ ತೆಗೆದರೆ ಹತ್ತಿರದ ಹೂವು ಸ್ಪಷ್ಟ, ದೂರದ ಬೆಟ್ಟ ಬರೀ ಮಸುಕು. ಲೆನ್ಸನ್ನೇ ಶಪಿಸಿದೆ. ತಪ್ಪು ನನ್ನ ಲೆಕ್ಕದ್ದು. ಎಂ42 ಲೆನ್ಸಿನ ಮೌಂಟ್ ಚಿತ್ರ ಹಿಡಿಯುವ ಸೆನ್ಸರಿನಿಂದ 45.46 ಮಿ.ಮೀ. ದೂರದಲ್ಲಿರಬೇಕು, ನಿಕಾನ್ ಎಫ್ ಮೌಂಟಿನ ದೂರವೇ 46.5. ಅಡಾಪ್ಟರಿಗೆ ಜಾಗವೆಲ್ಲಿ?

ಕನ್ನಡಿಯಿಲ್ಲದ (ಮಿರರ್‌ಲೆಸ್) ಸೋನಿ ಕ್ಯಾಮೆರಾಗಳ ಇ ಮೌಂಟಿನಲ್ಲಿ ಆ ದೂರ 18 ಮಿ.ಮೀ. ಮಾತ್ರ. ಉಳಿದ 27 ಮಿ.ಮೀ. ಚಿಲ್ಲರೆಯನ್ನು ಗಾಜಿಲ್ಲದ ಒಂದು ಟೊಳ್ಳು ಕೊಳವೆ ತುಂಬುತ್ತದೆ, ಅಷ್ಟೇ. ಮಿರರ್‌ಲೆಸ್ ಕೊಂಡ ದಿನ ಶಟರ್ ಒತ್ತಿದರೆ ಕ್ಯಾಮೆರಾ ಮಿಸುಕಲಿಲ್ಲ. ಲೆನ್ಸೇ ಇಲ್ಲವೆಂದು ಅದರ ಭಾವನೆ. ಲೆನ್ಸ್ ಇಲ್ಲದಿದ್ದರೂ ಕ್ಲಿಕ್ಕಿಸುವ ಆಯ್ಕೆಯನ್ನು ಮೆನುವಿನಲ್ಲಿ ಹುಡುಕಿ ಒಪ್ಪಿಸಿದೆ. ಅಲುಗಾಟ ತಡೆಯುವ ವ್ಯವಸ್ಥೆಗೂ 58 ಎಂಬ ಅಂಕಿಯನ್ನು ನಾವೇ ಕೊಡಬೇಕು.

ಕಷ್ಟವೆಲ್ಲ ಫೋಕಸ್‌ನದು. ಅಂಚುಗಳಿಗೆ ಬಣ್ಣ ಹಚ್ಚಿ ತೋರಿಸುವ ಪೀಕಿಂಗ್ ಅನ್ನು ನಂಬಿ ತಿಂಗಳುಗಟ್ಟಲೆ ಚಿತ್ರ ಕೆಡಿಸಿಕೊಂಡೆ. ಎಫ್/2ರಲ್ಲಿ ಅದು ಹುಬ್ಬು, ರೆಪ್ಪೆ, ಮೂಗು ಎಲ್ಲಕ್ಕೂ ಕೆಂಪು ಬಳಿಯುತ್ತದೆ. ನಿಜಕ್ಕೂ ಸ್ಪಷ್ಟವಾಗಿರುವುದು ಒಂದೇ. ಈಗ ದೃಶ್ಯವನ್ನು ಹಿಗ್ಗಿಸಿ ರೆಪ್ಪೆಯ ಕೂದಲು ಎಣಿಸುವಂತಾದ ಮೇಲೆಯೇ ಒತ್ತುತ್ತೇನೆ.

ಈ ಲೆನ್ಸಿಗೆ ಅಪರ್ಚರ್‌ನ ಉಂಗುರಗಳು ಎರಡು. ಮುಂದಿನದನ್ನು 5.6ಕ್ಕೆ ಇಟ್ಟರೆ, ಹಿಂದಿನದು 2ರಿಂದ 5.6ರವರೆಗೆ ಸದ್ದಿಲ್ಲದೆ ಜಾರುತ್ತದೆ, ಅದಕ್ಕಿಂತ ಆಚೆ ಹೋಗದು. ಪೂರ್ತಿ ತೆರೆದು ಫೋಕಸ್ ಮಾಡಿ, ವ್ಯೂಫೈಂಡರಿನಿಂದ ಕಣ್ಣು ತೆಗೆಯದೆ ಹಿಂದಿನ ಉಂಗುರವನ್ನು ಅದು ತಡೆದು ನಿಲ್ಲುವವರೆಗೆ ತಿರುಗಿಸಿದರೆ ಆಯಿತು. ಹಳಬರ ಈ ಉಪಾಯಕ್ಕೆ ನಾನು ಮರುಳಾಗಿದ್ದೇನೆ.

ಎದುರಿನಿಂದ ಬಿಸಿಲು ಬಿದ್ದರೆ ಚಿತ್ರಕ್ಕೆ ಹಾಲು ಸುರಿದಂತೆ. ಅಂಗೈ ಅಡ್ಡ ಹಿಡಿಯುತ್ತೇನೆ. ಬೆಳಕು ಅಳೆಯುವ ಮೀಟರೂ ಆಗ ಎಡವುವುದರಿಂದ ಬೆಳಕಿಗೆ ಸೆನ್ಸರಿನ ಸ್ಪಂದನೆ ನಿರ್ಧರಿಸುವ ಐಎಸ್‌ಒ, ಶಟರ್ ವೇಗ ಎರಡೂ ನನ್ನ ಕೈಯಲ್ಲೇ. ಸುಳಿಯಂತೆ ತಿರುಗುವ ಹಿನ್ನೆಲೆ ಬೇಕೆಂದರೆ ವ್ಯಕ್ತಿ ಹತ್ತಿರ, ಎಲೆಗಳ ಸಂದಿಯ ಬೆಳಕು ಸಾಕಷ್ಟು ಹಿಂದೆ ಇರಬೇಕು. ಚಿಕ್ಕದಾದ ಎಪಿಎಸ್-ಸಿ ಸೆನ್ಸರಿನಲ್ಲಿ ಅಂಚು ಕತ್ತರಿಸಿಹೋಗಿ ಸುಳಿಯೂ ಅರ್ಧ ಸಾಯುತ್ತದೆ.

ಯಾವ ಅಪರ್ಚರಿನಲ್ಲಿ ತೆಗೆದೆನೆಂಬುದು ಫೈಲಿನಲ್ಲಿ ದಾಖಲಾಗುವುದಿಲ್ಲ. ಕೆಲವು ದಿನ ಪುಸ್ತಕದಲ್ಲಿ ಬರೆದಿಟ್ಟು ಬೇಸತ್ತೆ. ಈಗ ಹಿನ್ನೆಲೆಯ ದೀಪಗಳನ್ನು ನೋಡುತ್ತೇನೆ: ನಡುವೆ ದುಂಡಾಗಿ, ಅಂಚಿನಲ್ಲಿ ನಿಂಬೆಹಣ್ಣಿನಂತಿದ್ದರೆ ಎಫ್/2, ಎಂಟು ಮೂಲೆಗಳು ಎದ್ದಿದ್ದರೆ ಉಂಗುರ ತಿರುಗಿಸಿದ್ದೆ.